ಹೊರಗಿನ ಗಂಟು

ಲಾಬಿಗಾನ್ ದ್ವೀಪದ ಜೆಟ್ಟಿಯಲ್ಲಿ, ಟಿಕೆಟ್ ಕೊಡುವ ಗೂಡಿನ ಗೋಡೆಗೆ ನಿಯಮಗಳ ಹಲಗೆಯೊಂದನ್ನು ತೂಗುಹಾಕಿದ್ದಾರೆ. ಪ್ರಯಾಣಿಕರ ಹೆಸರು ಬರೆದುಕೊಳ್ಳದೆ ಬೋಟು ಬಿಡಬಾರದು ಎಂಬುದು ಮೊದಲನೆಯದು. ಹಿಂದೊಮ್ಮೆ ಹಬ್ಬದ ದಿನ ಬೋಟು ಮುಳುಗಿ, ಎಷ್ಟು ಜನ ಸತ್ತರೆಂದು ಹೇಳುವುದಕ್ಕೂ ಯಾರಿಗೂ ಆಗದೆ ಹೋದ ಮೇಲೆ ಬಂದ ನಿಯಮ ಅದು. ತಲೆಗೊಂದು ಲೈಫ್ ಜಾಕೆಟ್ ಇರಬೇಕು ಎಂಬುದು ಎರಡನೆಯದು. ಅದು ಬರಲು ಇನ್ನೂ ಹನ್ನೆರಡು ಹೆಣ ಬೇಕಾದವು. ಜಾಕೆಟ್ಟುಗಳು ಬಂದವು, ಕೊಳೆಯಾದಾವೆಂದು ಬೋಟಿನವರು ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಚಾವಣಿಗೆ ಬಿಗಿದು ಕಟ್ಟಿದರು. ಈ ಊರಿನ ಬುದ್ಧಿಯೇ ಅಷ್ಟು. ಯಾರಾದರೂ ಸಾಯುವವರೆಗೆ ಏನನ್ನೂ ಕಲಿಯುವುದಿಲ್ಲ, ಸತ್ತ ಮೇಲೂ ಅರ್ಧ ಮಾತ್ರ ಕಲಿಯುತ್ತಾರೆ.

ಮೂರನೆಯ ನಿಯಮದ ಹಿಂದೆ ಹೊಲಿಗೆಯ ಪಾನಿಂಗ್ ಇದ್ದಾಳೆ. ಪೂರ್ತಿ ಹೆಸರು ಎಪಿಫಾನಿಯಾ. ವಯಸ್ಸು ಐವತ್ತೆರಡು, ಮದುವೆಯಾಗಿಲ್ಲ, ಮುಲಾಜು ಎನ್ನುವುದು ಮೊದಲಿನಿಂದಲೂ ಇಲ್ಲ. ಚಿಕ್ಕವರು ಎದುರಿಗೆ ಮನಾಂಗ್, ಅಂದರೆ ಅಕ್ಕ, ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಸೂಜಿಬಾಯಿ ಎನ್ನುತ್ತಾರೆ. ದ್ವೀಪದಿಂದ ಪಟ್ಟಣಕ್ಕೆ ಓಡುವ ಹದಿನಾಲ್ಕು ಬೋಟುಗಳ ಪಕ್ಕದ ಪರದೆಗಳನ್ನು ಹೊಲಿದವಳು ಅವಳೇ. ನೀಲಿ ಟಾರ್ಪಾಲು, ಎರಡೆರಡು ಸಾಲು ಹೊಲಿಗೆ, ಕೆಳಗಿನ ಅಂಚಿನಲ್ಲಿ ಮೊಳಕ್ಕೊಂದರಂತೆ ನೈಲಾನ್ ದಾರ. ಅವಳ ಹೊಲಿಗೆ ಬಿಟ್ಟಿತು ಎಂದು ಹೇಳಿದವನು ಆ ದ್ವೀಪದಲ್ಲಿ ಹುಟ್ಟಿಲ್ಲ.

ಮೊದಲೆಲ್ಲ ಪರದೆಗಳು ಸುಮ್ಮನೆ ಇಳಿಬಿದ್ದು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಕಚೇರಿಗೆ, ಕಾಲೇಜಿಗೆ, ಮದುವೆಗೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಹೊರಟವರು ಆಚೆ ದಡದಲ್ಲಿ ಉಪ್ಪುನೀರು ಸುರಿಸುತ್ತ ಇಳಿದು, ಬೋಟಿನವನ ವಂಶವನ್ನೆಲ್ಲ ಜಾಲಾಡುತ್ತಿದ್ದರು. ದಾರವನ್ನು ಒಳಗಡೆ ಕಟ್ಟಿದರೆ ನೀರು ಪರದೆಯಗುಂಟ ಜಾರಿ ಬೋಟಿನೊಳಕ್ಕೇ ಇಳಿಯುತ್ತದೆ. ಅದಕ್ಕೆ ಪಾನಿಂಗ್ ಒಂದು ಉಪಾಯ ಮಾಡಿದಳು. ಪರದೆಯನ್ನು ಬೋಟಿನ ಅಂಚಿನ ಮೇಲಿಂದ ಹೊರಕ್ಕೆ ಎಳೆದು, ಬೋಟಿನ ಹೊರಮೈಗೆ ಸಾಲಾಗಿ ಗೂಟ ಹೊಡೆಸಿ, ದಾರಗಳನ್ನು ಆ ಗೂಟಗಳಿಗೆ ಕಟ್ಟಿಸಿದಳು. ಆಮೇಲೆ ಒಂದು ಹನಿ ಒಳಗೆ ಬರಲಿಲ್ಲ. ಮಾಲೀಕರು ‘ಒಣ ಬೋಟು’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡರು. ಜನ ಒಣ ಬೋಟಿಗಾಗಿ ಗಂಟೆಗಟ್ಟಲೆ ಕಾದರು, ಉಳಿದವುಗಳತ್ತ ತಿರುಗಿಯೂ ನೋಡಲಿಲ್ಲ. ಒಂದೇ ವರ್ಷದಲ್ಲಿ ಹದಿನಾಲ್ಕೂ ಒಣ ಬೋಟುಗಳಾದವು. ಹೊರಗೆ ಕಟ್ಟಿದ ಗಂಟನ್ನು ಒಳಗೆ ಕೂತವರು ಬಿಚ್ಚುವುದು ಹೇಗೆ ಎಂದು ಕೇಳಿದವನು ಒಬ್ಬನೇ ಒಬ್ಬ.

ಅವನು ತಾಸ್ಯೊ. ಆರ್ಸೆನಿಯೊ ಬಾಲ್ದೆವಿಯಾ ಎಂಬ ಮಾಲೀಕನ ಬೋಟಿನ ತಾಂಡೇಲ, ಹಿಂಬದಿಯ ತೆರೆದ ಮೂಲೆಯಲ್ಲಿ ಕೂತು ಚುಕ್ಕಾಣಿ ಹಿಡಿಯುವವನು. ಬೋಟು ಹೊರಡುವ ಮೊದಲು ಗಂಟು ಹಾಕುವುದೂ ಆಚೆ ದಡದಲ್ಲಿ ಬಿಚ್ಚುವುದೂ ಅವನದೇ ಕೆಲಸ. ಒಂದು ಬೆಳಿಗ್ಗೆ ಜೆಟ್ಟಿಯಲ್ಲಿ ಜನ ಸಾಲುಗಟ್ಟಿ ನಿಂತಿದ್ದಾಗಲೇ ಅವನು ಪಾನಿಂಗಳ ಬಳಿ ಬಂದ.

“ಮನಾಂಗ್, ಗಂಟು ಒಳಗೆ ಬರೋ ಹಾಗೆ ಮಾಡಿಕೊಡಿ. ಏನಾದ್ರೂ ಆದ್ರೆ ಇವರಿಗೆ ಹೊರಗೆ ಬರೋಕೆ ದಾರಿನೇ ಇಲ್ಲ. ಚೂರು ನೀರು ಬಂದ್ರೆ ಬರ್ಲಿ ಬಿಡಿ.”

ತನ್ನ ಕೆಲಸಕ್ಕೆ ಹೆಸರಿಟ್ಟರೆ ಪಾನಿಂಗಳಿಗೆ ಮೈಯೆಲ್ಲ ಉರಿ. “ನಿನ್ನ ಕೆಲಸ ಚುಕ್ಕಾಣಿ ಹಿಡಿಯೋದು ಮಾರಾಯ, ಅದನ್ನ ನೆಟ್ಟಗೆ ಹಿಡಿ. ಏನಾದ್ರೂ ಆಗೋ ಹಾಗೆ ನೀನು ಓಡಿಸಿದ್ರೆ ನನ್ನ ಪರದೆ ಏನು ಮಾಡುತ್ತೆ? ಅಷ್ಟು ಹೆದರಿಕೆ ಇದ್ರೆ ಮನೇಲಿ ಕೂತು ಕೋಳಿ ಸಾಕು.”

ಸಾಲಿನಲ್ಲಿದ್ದವರು ನಕ್ಕರು. ತಾಸ್ಯೊ ಹೋಗಿ ಗಂಟು ಹಾಕಿದ. ಮರುದಿನ ಅವನ ಹೆಂಡತಿ ಲುಡಿವಿನಾ ಬಂದು ನಡುಬೀದಿಯಲ್ಲಿ ಪಾನಿಂಗಳ ಮೇಲೆ ನಾಲಿಗೆ ಹರಿಬಿಟ್ಟಳು. ಪಾನಿಂಗ್ ಅದಕ್ಕೆ ಎರಡರಷ್ಟು ಹಿಂದಿರುಗಿಸಿದಳು. ಅಂದಿನಿಂದ ಲುಡಿವಿನಾ ಅವಳನ್ನು ಮನಾಂಗ್ ಎನ್ನುವುದನ್ನು ಬಿಟ್ಟು ‘ಏ ಹೊಲಿಗೆಯವಳೇ’ ಎಂದು ಕರೆಯತೊಡಗಿದಳು.

ಆಗಸ್ಟಿನಲ್ಲಿ, ಹಬಾಗಾತ್ ಎಂಬ ನೈಋತ್ಯ ಮಳೆಗಾಳಿ ಬೀಸುವ ಕಾಲದಲ್ಲಿ, ಒಂದು ಶನಿವಾರ ನಡುಮಧ್ಯಾಹ್ನ ತಾಸ್ಯೊನ ಬೋಟು ನಡುನೀರಿನಲ್ಲಿ ಮಗುಚಿತು. ಬಿಗಿದ ಪರದೆಗೆ ಗಾಳಿ ತುಂಬಿ, ಬೋಟು ಓಲದಂತೆ ಪಕ್ಕಕ್ಕೆ ಚಾಚಿ ಕಟ್ಟಿದ್ದ ಬಿದಿರಿನ ರೆಕ್ಕೆ ಮುರಿದು, ಬೋಟು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬೋರಲಾಯಿತು. ತಾಸ್ಯೊನೂ ಸೇರಿ ಮೂವತ್ತಾರು ಜನರಲ್ಲಿ ಒಂಬತ್ತು ಮಂದಿ ಬದುಕಿ ಉಳಿದರು. ನೆರವಿಗೆ ಬಂದ ಮೀನುಗಾರರು ಚಾಕುವಿನಿಂದ ದಾರಗಳನ್ನು ಕೊಯ್ದು ಪರದೆ ಎತ್ತಿದಾಗ ಸತ್ತವರೆಲ್ಲ ಒಳಗೇ ಇದ್ದರು. ತಾಸ್ಯೊನ ಹೆಣ ಮಾತ್ರ ಹೊರಗೆ ಸಿಕ್ಕಿತು.

ಅದೊಂದು ಸಂಗತಿ ಸಾಕಾಯಿತು. ತಾಂಡೇಲನೇ ಜನರನ್ನು ಒಳಗೆ ಕಟ್ಟಿ, ಎಲ್ಲರಿಗಿಂತ ಮೊದಲು ನೀರಿಗೆ ಹಾರಿದನಂತೆ ಎಂದು ಆರ್ಸೆನಿಯೊ ಹೇಳಿದ. ಊರು ಅದನ್ನೇ ಹಿಡಿದುಕೊಂಡಿತು. ಹೊರಗಿನ ಗಂಟು ಊರಿಗೆಲ್ಲ ಗೊತ್ತಿತ್ತು. ಒಣಗಿದ ಬಟ್ಟೆ ಬೇಕೆಂದು ಹಟ ಹಿಡಿದವರು ತಾವೇ ಎಂಬುದೂ ಗೊತ್ತಿತ್ತು. ಅದನ್ನು ನುಂಗಿಕೊಳ್ಳುವುದಕ್ಕಿಂತ ಸತ್ತವನ ತಲೆಗೆ ಕಟ್ಟುವುದು ಸುಲಭ. ಇಪ್ಪತ್ತಾರು ಗೋರಿಗಳು ಚರ್ಚಿನ ಪಕ್ಕ ಒಂದೇ ಸಾಲಿನಲ್ಲಿ ಎದ್ದವು. ತಾಸ್ಯೊನನ್ನು ಆ ಸಾಲಿಗೆ ಸೇರಿಸಲು ಬಿಡಲಿಲ್ಲ. ಬೇಲಿಯಾಚೆಯ ಮೂಲೆಯಲ್ಲಿ ಹುಗಿದರು. ಲುಡಿವಿನಾಳ ಬಾಗಿಲಿಗೆ ದಿನವೂ ಯಾರೋ ಮೀನಿನ ಕರುಳು ಎಸೆದು ಹೋಗುತ್ತಿದ್ದರು. ಪರದೆಯ ಗಂಟು ಮೊದಲಿನಿಂದಲೂ ಹೊರಗೇ ಇತ್ತೆಂದು ಅವಳು ಹೇಳುತ್ತ ತಿರುಗಿದಳು; ಅವನ ಹೆಂಡತಿಯ ಮಾತನ್ನು ಯಾರು ಕೇಳುತ್ತಾರೆ?

ಬೋಟು ಮಗುಚಿದ್ದರ ಸರ್ಕಾರಿ ವಿಚಾರಣೆಗೆ ನಾಲ್ಕು ದಿನವಿರುವಾಗ ಆರ್ಸೆನಿಯೊ ಒಂದು ಸುರುಳಿ ಟಾರ್ಪಾಲು ತಂದು ಪಾನಿಂಗಳ ಅಂಗಳದಲ್ಲಿ ಧೊಪ್ಪನೆ ಹಾಕಿದ.

“ಇದು ಅವತ್ತಿನ ಪರದೆ, ಎಡಗಡೇದು. ಅಳತೆಗೆ ತಂದೆ. ಇದೇ ಥರ ಇನ್ನೊಂದು ಹೊಲಿ, ಹಳೇ ಬಟ್ಟೇಲೇ. ದಾರ ಮಾತ್ರ ಒಳಗಡೆ ಬರ್ಬೇಕು. ಹೊಲಿದು ಸಮುದ್ರದ ನೀರಲ್ಲಿ ನೆನೆಸಿ, ಮರಳಲ್ಲಿ ಉಜ್ಜಿಡು. ಇದನ್ನ ಸುಟ್ಟುಬಿಡು.”

“ವಿಚಾರಣೆಗೆ ತೋರಿಸೋಕಾ ಮನೋಂಗ್?” ಹಿರಿಯನೆಂದು ಅವನನ್ನು ಎಲ್ಲರೂ ಕರೆಯುವಂತೆ ಅವಳೂ ಕರೆದಳು.

“ಮತ್ತೆ ಇನ್ಯಾತಕ್ಕೆ? ಪರದೆ ಒಳಗಿಂದ ಬಿಚ್ಚೋ ಹಾಗೇ ಇತ್ತು, ತಾಸ್ಯೊ ತಲೆ ಕೆಟ್ಟು ಹೊರಗೆ ಕಟ್ಟಿದ. ಗೂಟ ಎಲ್ಲಾ ಕೀಳಿಸಿದೀನಿ, ಉಳಿದ ಹದಿಮೂರು ಬೋಟಿನವರೂ ಕಿತ್ತಿದಾರೆ. ನೀನು ‘ಇದು ನನ್ನ ಹೊಲಿಗೆ’ ಅಂತ ಒಂದು ಮಾತು ಹೇಳಿದ್ರೆ ಮುಗೀತು.”

“ಸುಳ್ಳಲ್ವಾ?”

“ಹೊಲಿಯೋಳು ನೀನೇ ತಾನೆ, ಸುಳ್ಳೆಲ್ಲಿ ಬಂತು?” ಆರ್ಸೆನಿಯೊ ನಕ್ಕ. ನಗು ಬೇಗ ನಿಂತಿತು. “ನೋಡು ಪಾನಿಂಗ್, ಗಂಟು ಹೊರಗಿತ್ತು ಅಂತಾದ್ರೆ ಅವರು ಮೊದಲು ಕೇಳೋದು ಯಾರು ಹೊಲಿದಿದ್ದು ಅಂತ. ಜೈಲಲ್ಲಿ ಹೊಲಿಗೆ ಮಿಶನ್ ಇಟ್ಕೊಳ್ಳೋಕೆ ಬಿಡಲ್ಲ. ಸತ್ತವನಿಗೆ ಇನ್ನೇನಾಗ್ಬೇಕು?”

ಪಾನಿಂಗ್ ಒಪ್ಪಿಕೊಂಡಳು. ಅವಳ ಪರವಾಗಿ ಇಲ್ಲಿ ವಕಾಲತ್ತು ಮಾಡಬೇಕಾಗಿಲ್ಲ; ಹೆದರಿ ಒಪ್ಪಿಕೊಂಡಳು. ಇಪ್ಪತ್ತೇಳು ಜನ ಸತ್ತದ್ದಕ್ಕೆ ತನ್ನ ಕೈಕೆಲಸ ಕಾರಣವೆಂದು ಊರೆದುರು ನಿಂತು ಹೇಳುವ ಎದೆಗಾರಿಕೆ ಅವಳಿಗಿರಲಿಲ್ಲ. ಬುಧವಾರ ಬೆಳಿಗ್ಗೆ ಕತ್ತರಿ ಹಾಕಿದಳು, ಮಧ್ಯಾಹ್ನ ಮಿಶನ್ ತುಳಿದಳು. ದಾರವನ್ನು ಒಳಬದಿಗೆ ಇಟ್ಟು ಹೊಲಿಯುವಾಗ, ತಾಸ್ಯೊ ಬೇಡಿದ್ದ ಪರದೆಯನ್ನೇ ತಾನು ಹೊಲಿಯುತ್ತಿದ್ದೇನೆ ಎಂಬುದು ಥಟ್ಟನೆ ಹೊಳೆಯಿತು. ಅರ್ಧ ದಿನದ ಕೆಲಸ. ಅವನನ್ನು ನಗೆಪಾಟಲು ಮಾಡಿದ ದಿನವೇ ಮಾಡಿಕೊಡಬಹುದಿತ್ತು. ಅವಳು ಮಿಶನ್ ನಿಲ್ಲಿಸಿದಳು.

ಕೊನೆಯ ದಾರಗಳ ಅಂತರ ನೋಡಿಕೊಳ್ಳಲೆಂದು ಹಳೆಯ ಪರದೆಯನ್ನು ಅಂಗಳದ ಬಿಸಿಲಿನಲ್ಲಿ ಪೂರ್ತಿ ಬಿಡಿಸಿದಳು. ಕೆಳಗಿನ ಅಂಚಿನಲ್ಲಿ ಇಪ್ಪತ್ತೆರಡು ದಾರಗಳು. ಮುಂಬದಿಯವು ಮೀನುಗಾರರ ಚಾಕು ಬಿದ್ದು ಒಂದೊಂದೂ ತುಂಡಾಗಿದ್ದವು. ಬೆರಳಾಡಿಸುತ್ತ ಹಿಂಬದಿಯ ತುದಿಗೆ ಬಂದಾಗ ಅವಳ ಕೈ ನಿಂತಿತು. ಆ ತುದಿಯ ಐದು ದಾರಗಳು ಇಡಿಯಾಗಿದ್ದವು. ಕೊಯ್ದಿರಲಿಲ್ಲ, ಹರಿದಿರಲಿಲ್ಲ. ಗಂಟಿದ್ದ ಕಡೆ ನೈಲಾನು ಇನ್ನೂ ಸುಕ್ಕುಗಟ್ಟಿತ್ತು. ಗಂಟು ಹಾಕಿದ್ದು ನಿಜ, ಯಾರೋ ಕೈಯಿಂದ ಬಿಚ್ಚಿದ್ದೂ ನಿಜ. ಆರನೆಯದರ ಗಂಟು ಅರ್ಧ ಸಡಿಲವಾಗಿತ್ತು. ಅದರಾಚೆ ಚಾಕುವಿನ ಗಾಯ.

ನೆಂದ ನೈಲಾನ್ ಗಂಟನ್ನು ಬಿಚ್ಚುವುದೆಂದರೆ ಏನೆಂದು ಪಾನಿಂಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಣಗಿದ್ದಾಗಲೇ ಹಲ್ಲು ಹಚ್ಚಬೇಕು. ಬೋಟು ಮಗುಚಿದ ಮೇಲೆ ಗೂಟಗಳು ನೀರಿನಡಿ. ಅಲ್ಲಿ ಒಬ್ಬ ಮುಳುಗಿ ಒಂದು ಗಂಟು ಬಿಚ್ಚಿ, ಉಸಿರಿಗೆ ಮೇಲೆ ಬಂದು, ಮತ್ತೆ ಮುಳುಗಿ ಇನ್ನೊಂದು ಬಿಚ್ಚಿದ್ದಾನೆ. ಹಿಂಬದಿಯ ಮೂಲೆಯಿಂದ ಶುರುಮಾಡಿದ್ದಾನೆ, ಅವನು ಕೂತಿದ್ದ ಜಾಗದಿಂದ. ಬದುಕಿದ ಒಂಬತ್ತೂ ಮಂದಿ ಎಡಗಡೆಯ ಹಿಂದಿನ ಬೆಂಚುಗಳವರು. ಅವರು ಹೊರಬಿದ್ದದ್ದು ಅದೃಷ್ಟದಿಂದಲ್ಲ. ಹೊರಗಿದ್ದವನೊಬ್ಬನಿಂದ ಮಾತ್ರ ಆಗುವ ಕೆಲಸವನ್ನು ತಾಸ್ಯೊ ಹೊರಗಿದ್ದು ಮಾಡಿದ್ದ, ಆರನೆಯದರ ಹತ್ತಿರ ಉಸಿರು ಮುಗಿದಿತ್ತು.

ಪಾನಿಂಗ್ ಬಿಸಿಲಿನಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. ಸೀಮೆಎಣ್ಣೆ ಡಬ್ಬಿ ಪಕ್ಕದಲ್ಲೇ ಇತ್ತು. ಒಂದು ಕಡ್ಡಿ ಗೀರಿದರೆ ಇದನ್ನು ಬಲ್ಲವರು ಲೋಕದಲ್ಲಿ ತಾನೊಬ್ಬಳೇ. ಸುಡದಿದ್ದರೆ ತಾಸ್ಯೊನ ಹೆಸರು ಉಳಿಯುತ್ತದೆ, ತನ್ನದು ಮಣ್ಣುಪಾಲು.

ಗುರುವಾರ ಸಂಜೆ ನೀರಿನ ನಲ್ಲಿಯ ಬಳಿ ಲುಡಿವಿನಾ ಎದುರಾದಳು. ಅವಳನ್ನು ಕಂಡು ಉಳಿದ ಹೆಂಗಸರು ಬಕೆಟ್ ಎತ್ತಿಕೊಂಡು ದೂರ ಸರಿದರು.

“ಏ ಹೊಲಿಗೆಯವಳೇ, ನಾಳೆ ಏನು ಹೇಳ್ತೀಯ?”

“ಕೇಳಿದ್ದಕ್ಕೆ ಉತ್ತರ ಹೇಳ್ತೀನಿ.”

“ಗಂಟು ಹೊರಗಿತ್ತು ಅಂತ ಹೇಳ್ತೀಯೋ ಇಲ್ವೋ?”

ಐದು ದಾರಗಳು ಪಾನಿಂಗಳ ಕಣ್ಣೆದುರು ಬಂದವು. ಹೆದರಿದವಳ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ. “ಹೇಳಿದ್ರೆ ನಿನ್ನ ಗಂಡ ಎದ್ದು ಬರ್ತಾನಾ?”

ಲುಡಿವಿನಾ ಬಕೆಟ್ ಕೆಳಗಿಟ್ಟಳು. ಹೊಡೆಯುತ್ತಾಳೆ ಎಂದೇ ಪಾನಿಂಗ್ ಅಂದುಕೊಂಡಳು.

“ಬರಲ್ಲ,” ಎಂದಳು ಲುಡಿವಿನಾ. “ಮಲಗೋದಾದ್ರೂ ನೆಟ್ಟಗೆ ಮಲಗ್ತಾನೆ. ನಿಂಗೆ ಅದೂ ಹೊಟ್ಟೆಕಿಚ್ಚಾ?”

ಶುಕ್ರವಾರ ಶಾಲೆಯ ಸಭಾಂಗಣ ತುಂಬಿತ್ತು. ವಿಚಾರಣೆ ನಡೆಸಲು ಬಂದವಳು ಕರಾವಳಿ ಕಾವಲು ಪಡೆಯ ಲೆಫ್ಟಿನೆಂಟ್ ಸೊಬ್ರೆವೆಗಾ, ಮೂವತ್ತರ ಹೆಂಗಸು, ದೂರದ ಪ್ರಾಂತದವಳು. ಆರ್ಸೆನಿಯೊ ತರಿಸಿದ ಎಳನೀರನ್ನು ಅವಳು ಮುಟ್ಟಲಿಲ್ಲ. ಬದುಕಿದವರನ್ನು ಕೇಳಿದಳು. ‘ನಾವು ಒಳಗಿದ್ವಿ, ತಾಸ್ಯೊ ಹೊರಗಿದ್ದ’ ಎಂದರು ಅವರು. ಅದಕ್ಕಿಂತ ಹೆಚ್ಚಿಗೆ ಏನನ್ನೂ ನೋಡಲು ಆ ನೀರು ಬಿಟ್ಟಿರಲಿಲ್ಲ. ಸಭೆಯಲ್ಲಿ ಯಾರೋ ಥೂ ಎಂದರು. ಲುಡಿವಿನಾ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು, ಅಕ್ಕಪಕ್ಕ ಖಾಲಿ.

ಆರ್ಸೆನಿಯೊ ಹೊಸ ಪರದೆಯನ್ನು ಮೇಜಿನ ಮೇಲೆ ಹರಡಿ, ಒಳಗಿನ ದಾರಗಳನ್ನು ಎಳೆದೆಳೆದು ತೋರಿಸಿದ. ಪಾನಿಂಗಳನ್ನು ಕರೆದರು.

“ಇದು ನಿಮ್ಮ ಹೊಲಿಗೆನಾ?” ಲೆಫ್ಟಿನೆಂಟ್ ಕೇಳಿದಳು.

“ಹೌದು ಮೇಡಂ.”

ಆರ್ಸೆನಿಯೊ ಕಾಲ ಮೇಲೆ ಕಾಲು ಹಾಕಿ ಕೂತ.

“ಮೊನ್ನೆ ಬುಧವಾರ ಹೊಲಿದೆ,” ಎಂದಳು ಪಾನಿಂಗ್. “ನಿನ್ನೆ ಉಪ್ಪುನೀರಲ್ಲಿ ನೆನೆಸಿದೆ. ಇವರು ಹೇಳಿದ್ದಕ್ಕೆ. ಮುಳುಗಿದ ಬೋಟಿಂದು ಇಲ್ಲಿದೆ.” ತಂದಿದ್ದ ಅಕ್ಕಿ ಚೀಲದಿಂದ ಹಳೆಯ ಪರದೆಯನ್ನು ಎಳೆದು ನೆಲಕ್ಕೆ ಹಾಸಿದಳು.

ಸಭೆ ಭುಗಿಲೆದ್ದಿತು. ಮಾಲೀಕರೆಲ್ಲ ಎದ್ದು ನಿಂತರು. ‘ಅವಳಿಗೆ ತಲೆ ಕೆಟ್ಟಿದೆ’ ಎಂದ ಒಬ್ಬ. ‘ಬೋಟು ನಿಂತ್ರೆ ನೀನು ಹೊತ್ಕೊಂಡು ಹೋಗ್ತೀಯಾ ಪಟ್ಟಣಕ್ಕೆ?’ ಎಂದ ಇನ್ನೊಬ್ಬ. ಲೆಫ್ಟಿನೆಂಟ್ ಮೇಜು ಕುಟ್ಟಿ ಬಾಯಿ ಮುಚ್ಚಿಸಿದ ಮೇಲೆ ಪಾನಿಂಗ್ ನೆಲದ ಮೇಲೆ ಮೊಣಕಾಲೂರಿ ದಾರಗಳನ್ನು ಒಂದೊಂದಾಗಿ ಎತ್ತಿ ತೋರಿಸಿದಳು. ಇವು ಹೊರಗಿನ ಗೂಟಕ್ಕೆ ಕಟ್ಟುವ ದಾರಗಳು, ಒಳಗಿನಿಂದ ಎಟುಕುವುದಿಲ್ಲ. ಇವು ಹದಿನಾರು, ಚಾಕು ಬಿದ್ದವು. ಈ ಐದು ಇಡೀ ಇವೆ, ಕೈಯಲ್ಲಿ ಬಿಚ್ಚಿದವು. ಇದು ಆರನೆಯದು, ಅರ್ಧ ಬಿಚ್ಚಿ ನಿಂತದ್ದು. ಈ ಮೂಲೆ ತಾಂಡೇಲ ಕೂರುವ ಮೂಲೆ.

“ಹಾರಿ ಓಡಿಹೋಗೋನು ನೀರಿನಡಿ ಗಂಟು ಬಿಚ್ತಾ ಕೂರಲ್ಲ ಮೇಡಂ.”

ಬದುಕಿದವರಲ್ಲಿ ಒಬ್ಬಳು, ಶಾಲೆಯ ಅಡುಗೆಯವಳು, ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೋಟಿನಲ್ಲಿ ಅವಳು ಹಿಂದಿನ ಬೆಂಚಿನಲ್ಲಿದ್ದವಳು.

ಆರ್ಸೆನಿಯೊನ ಮುಖ ಕೆಂಪಗಾಗಿತ್ತು. “ಹಾಗಾದ್ರೆ ಕೊಂದವಳು ಇವಳೇ. ಕೇಳಿದ್ರಲ್ಲ, ತಾನೇ ಒಪ್ಕೊಂಡ್ಳು. ಬರ್ಕೊಳ್ಳಿ ಮೇಡಂ.”

“ಬರ್ಕೊಳ್ಳಿ,” ಎಂದಳು ಪಾನಿಂಗ್. ಹೆದರಿದ್ದರೂ ಸೂಜಿಬಾಯಿ ಸೂಜಿಬಾಯಿಯೇ. “ನಾನು ಹೊಲಿದೆ. ಇವರು ಹೊಲಿಸಿದ್ರು. ಇಲ್ಲಿ ಕೂತಿರೋರೆಲ್ಲ ಬಟ್ಟೆ ನೆನೀಬಾರ್ದು ಅಂತ ಕಾದು ಕೂತು ಹತ್ತಿದ್ರು. ಬೇಡ ಅಂದವನು ಅವನೊಬ್ಬ. ಅವನಿಗೆ ಕೋಳಿ ಸಾಕು ಅಂದೆ. ಇವರೆಲ್ಲ ನಕ್ರು. ಅದನ್ನೂ ಬರ್ಕೊಳ್ಳಿ.”

ಲುಡಿವಿನಾ ಹಿಂದಿನಿಂದ ಎದ್ದು ಬಂದು ಪರದೆಯ ಪಕ್ಕ ಕೂತಳು. ಐದು ದಾರಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿದಳು. ಆರನೆಯದರ ಸಡಿಲ ಗಂಟಿನೊಳಗೆ ಕಿರುಬೆರಳು ತೂರಿಸಿ ಹಾಗೇ ಇಟ್ಟುಕೊಂಡಳು.

“ಅವನ ಹೆಣ ತೊಳೆಯೋವಾಗ ನೋಡಿದೆ,” ಎಂದಳು ಲೆಫ್ಟಿನೆಂಟಳಿಗೆ. “ಬಲಗೈಯಲ್ಲಿ ಮೂರು ಉಗುರು ಇರಲಿಲ್ಲ. ಮೀನು ತಿಂದಿರ್ಬೇಕು ಅಂದ್ರು.”

ಪಾನಿಂಗಳ ಕಣ್ಣು ತುಂಬಿತು. “ಲುಡಿವಿನಾ,” ಎಂದು ಕೈ ಚಾಚಿದಳು. ಲುಡಿವಿನಾ ಆ ಕೈಯನ್ನು ಪಟ್ಟನೆ ಹೊಡೆದು ತಳ್ಳಿದಳು. ಸದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು.

ಮೂರು ತಿಂಗಳಲ್ಲಿ ಹಲಗೆಯ ಮೇಲೆ ಮೂರನೆಯ ನಿಯಮ ಬಂತು. ಯಾವ ಬೋಟಿನ ಪಕ್ಕಕ್ಕೂ ಪರದೆ ಕಟ್ಟಕೂಡದು. ಜಾಕೆಟ್ಟು ಚಾವಣಿಯಲ್ಲಲ್ಲ, ಎಲ್ಲರ ಮೈಮೇಲಿದ್ದ ಮೇಲೆಯೇ ಬೋಟು ಹೊರಡಬೇಕು. ಆರ್ಸೆನಿಯೊನ ಪರವಾನಗಿ ಹೋಯಿತು, ಮೊಕದ್ದಮೆ ನಡೆಯುತ್ತಿದೆ. ಪಾನಿಂಗ್ ಕೂಡ ತಿಂಗಳಿಗೊಮ್ಮೆ ಪಟ್ಟಣದ ಕೋರ್ಟಿಗೆ ಹೋಗಿ ಕೈಕಟ್ಟಿ ನಿಲ್ಲಬೇಕು. ಊರಿನವರು ಅವಳಿಗೆ ಒಂದು ರವಿಕೆಯನ್ನೂ ಹೊಲಿಯಲು ಕೊಡುವುದಿಲ್ಲ. ಊರ ಹಿರಿಯರು ತಾಸ್ಯೊನನ್ನು ಸಾಲಿಗೆ ತಂದು ಮಲಗಿಸೋಣ ಎಂದು ಮುಖ ಸಣ್ಣದು ಮಾಡಿಕೊಂಡು ಕೇಳಲು ಹೋದಾಗ ಲುಡಿವಿನಾ ಬಾಗಿಲಲ್ಲೇ ನಿಲ್ಲಿಸಿದಳಂತೆ. “ನಿಮ್ಮ ಸಾಲು ನಿಮಗೇ ಇರ್ಲಿ. ಬೇಲಿ ಬೇಕಾದ್ರೆ ಕಿತ್ತುಹಾಕಿ” ಎಂದಳಂತೆ. ಅವರು ಬೇಲಿ ಕಿತ್ತರು.

ಡಿಸೆಂಬರಿನ ಒಂದು ಬೆಳಿಗ್ಗೆ ಪಾನಿಂಗ್ ಕೋರ್ಟಿಗೆ ಹೊರಟು ಬೋಟು ಹತ್ತಿದಳು. ಅವಳು ಕೂತ ಬೆಂಚಿನಿಂದ ಇಬ್ಬರು ಎದ್ದು ಹೋದರು. ಲುಡಿವಿನಾ ಎದುರು ಬೆಂಚಿನಲ್ಲಿದ್ದಳು. ನಡುನೀರಿಗೆ ಬಂದಾಗ ಗಾಳಿ ಎದ್ದು ಒಂದು ಅಲೆ ಪಕ್ಕದಿಂದ ನುಗ್ಗಿ ಎಲ್ಲರನ್ನೂ ತಲೆಯಿಂದ ಕಾಲವರೆಗೆ ತೋಯಿಸಿತು. ಬಿಳಿ ಉಡುಪು ತೊಟ್ಟು ನೆಂಟರ ಮದುವೆಗೆ ಹೊರಟಿದ್ದ ಒಬ್ಬಳು ಲಬೋ ಎಂದು ಬಾಯಿಬಿಟ್ಟಳು.

“ಎಲ್ಲಾ ಈ ಸೂಜಿಬಾಯಿಯಿಂದ. ಬೆಚ್ಚಗೆ ಕೂತು ಹೋಗ್ತಿದ್ವಿ. ತಾನೂ ಹಾಳಾದ್ಳು, ನಮ್ಮನ್ನೂ ಹಾಳುಮಾಡಿದ್ಳು.” ಸುತ್ತಲಿನವರು ಹೂಂಗುಟ್ಟಿದರು. ಅವಳಿಗೆ ಇನ್ನಷ್ಟು ಧೈರ್ಯ ಬಂತು. “ನೀವೇ ಹೇಳಿ ಮನಾಂಗ್ ಲುಡಿವಿನಾ, ಇವಳಿಂದಾನೇ ತಾನೆ?”

ಪಾನಿಂಗ್ ತಲೆ ತಗ್ಗಿಸಿದಳು. ಲುಡಿವಿನಾ ಮುಖದ ನೀರನ್ನು ಅಂಗೈಯಿಂದ ಒರೆಸಿಕೊಂಡು ಬಿಳಿ ಉಡುಪಿನವಳನ್ನು ನೋಡಿದಳು.

“ಹೌದು, ಇವಳಿಂದಾನೇ. ನನ್ನ ಗಂಡ ಸತ್ತಿದ್ದೂ ಇವಳಿಂದಾನೇ, ಅದನ್ನ ನಾನು ಸಾಯೋವರೆಗೂ ಮರೆಯಲ್ಲ. ನೀನು ಆ ಉಡುಪು ಹಾಕ್ಕೊಂಡು ಆಚೆ ದಡದಲ್ಲಿ ಜೀವಂತ ಇಳಿತೀಯಲ್ಲ, ಅದೂ ಇವಳಿಂದಾನೇ. ಬಾಯಿ ಮುಚ್ಕೊಂಡು ನೆನಿ.”

ಲುಡಿವಿನಾ ದಡ ಬರುವವರೆಗೂ ಪಾನಿಂಗಳ ಕಡೆ ನೋಡಲಿಲ್ಲ. ಅಲೆ ಬಂದಾಗಲೆಲ್ಲ ಇಬ್ಬರೂ ಒಟ್ಟಿಗೇ ನೆನೆದರು.